ಅಗ್ಗದ ಪ್ರಿಂಟರ್, ದುಬಾರಿ ಶಾಯಿ

ತುಳುವಿನ ‘ಬ್ಯಾರ’ ಎಂದರೆ ವ್ಯಾಪಾರ. ನಮ್ಮ ಹೆಸರು ಅದರಿಂದಲೇ ಬಂತೆಂದು ಹಲವರು ಹೇಳುತ್ತಾರೆ. ಅಡಿಕೆಯಾಗಲಿ, ಒಣಮೀನಾಗಲಿ, ಕೊಳ್ಳುವ ಮೊದಲು ಸಾಗಣೆ ಎಷ್ಟು, ಸವಕಳಿ ಎಷ್ಟು ಎಂದು ಲೆಕ್ಕ ಹಾಕುವ ಜನ ನಾವು. ಮನೆಗೆ ಕಲರ್ ಪ್ರಿಂಟರ್ ಕೊಳ್ಳುವಾಗ ಮಾತ್ರ ಆ ಬುದ್ಧಿ ಎಲ್ಲಿಗೆ ಹೋಗುತ್ತದೆ? ಪೆಟ್ಟಿಗೆಯ ಮೇಲಿನ ಬೆಲೆ ನೋಡಿ ಹೊತ್ತು ತರುತ್ತೇವೆ. ಎರಡು ಪೆರ್ನಾಲ್ ಕಳೆಯುವುದರೊಳಗೆ ಅದು ಬಟ್ಟೆ ಹೊದ್ದು ಕಪಾಟಿನ ಮೇಲೆ ಕೂತಿರುತ್ತದೆ.

ನಾನಿದನ್ನು ಬರೆಯುತ್ತಿರುವುದು ತಾಳಮಲೆಯಿಂದ. ಈರೋಡ್ ಜಿಲ್ಲೆಯ ತಾಳವಾಡಿ ತಾಲೂಕು ತಮಿಳುನಾಡಿಗೆ ಸೇರಿದ್ದರೂ ಇಲ್ಲಿ ಹೆಚ್ಚಿನವರ ಮನೆಮಾತು ಕನ್ನಡ; ಡಾ. ರಾಜ್‌ಕುಮಾರ್ ಅವರ ಗಾಜನೂರು ಇದೇ ತಾಲೂಕಿನ ಊರು. ಸತ್ಯಮಂಗಲಕ್ಕೆ ಇಳಿಯಬೇಕಾದರೆ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವು. 2022ರಿಂದ ಆ ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಇದೆ. ಅದು ಬೇಡವೆಂದರೆ ಚಾಮರಾಜನಗರಕ್ಕೆ ಹೋಗಬೇಕು. ಇಂಥ ಕಡೆ ಶಾಯಿ ಮುಗಿದರೆ ಒಂದು ದಿನದ ದುಡಿಮೆಯೇ ಹೋದಂತೆ. ಹಾಗಾಗಿ ಮಂಗಳೂರಿನ ಪೇಟೆಯಲ್ಲಿ ತಡವಾಗಿ ಅರ್ಥವಾಗುವ ಮಾತು ಮಲೆಯ ಮೇಲೆ ಬೇಗ ಅರ್ಥವಾಗುತ್ತದೆ: ಯಂತ್ರಕ್ಕೆ ಒಮ್ಮೆ ಕೊಟ್ಟರೆ ಮುಗಿಯಿತು, ಶಾಯಿಗೆ ಕೊಡುತ್ತಲೇ ಇರಬೇಕು.

ಅಗ್ಗದ ಇಂಕ್‌ಜೆಟ್ಟಿನ ಗುಟ್ಟು ಇಷ್ಟೇ. ಯಂತ್ರವನ್ನು ಕಡಿಮೆ ಬೆಲೆಗೆ ಕೊಟ್ಟು, ಲಾಭವನ್ನು ಕಾರ್ಟ್ರಿಜ್‌ನಲ್ಲಿ ತೆಗೆಯುತ್ತಾರೆ. ಹಲವು ಸಣ್ಣ ಕಾರ್ಟ್ರಿಜ್‌ಗಳಲ್ಲಿ ಶಾಯಿ ಹತ್ತು ಮಿಲಿಲೀಟರೂ ಇರುವುದಿಲ್ಲ. ಇಂಕ್ ಟ್ಯಾಂಕ್ ಪ್ರಿಂಟರಿನ ಒಂದು ಬಾಟಲಿಯಲ್ಲಿ 65–70 ಮಿಲಿಲೀಟರ್ ಇರುತ್ತದೆ, ಬೆಲೆ ಕೆಲವು ನೂರು ರೂಪಾಯಿ. ಎಪ್ಸನ್ 2010ರಲ್ಲಿ ಇಂಥ ಟ್ಯಾಂಕಿನ ಪ್ರಿಂಟರನ್ನು ಮಾರುಕಟ್ಟೆಗೆ ತಂದಿತು. ಆಮೇಲೆ ಕ್ಯಾನನ್, ಎಚ್‌ಪಿ ಕೂಡ ಅದೇ ದಾರಿ ಹಿಡಿದವು. ಆದರೂ ಕಾರ್ಟ್ರಿಜ್ ಯಂತ್ರವನ್ನೇ ‘ಆಫರ್’ ಎಂದು ತರುವವರಿಗೆ ಏನನ್ನಬೇಕು?

ಪೆಟ್ಟಿಗೆಯ ಮೇಲೆ ‘ಇಷ್ಟು ಸಾವಿರ ಪುಟ’ ಎಂದು ಬರೆದಿರುವುದನ್ನೂ ನಂಬಿ ಕೂರಬೇಡಿ. ಅದು ಅಲ್ಲಲ್ಲಿ ಬಣ್ಣವಿರುವ ಕಚೇರಿ ಕಾಗದದ ಲೆಕ್ಕ. ಫೋಟೋ ಎಂದರೆ ಅಂಚಿನಿಂದ ಅಂಚಿಗೆ ಬಣ್ಣವೇ.

ಇನ್ನು ಗಲ್ಫ್ ಉಡುಗೊರೆ. ರಜೆಗೆ ಬರುವ ಮಗ ದುಬೈನಿಂದಲೋ ದಮಾಮಿನಿಂದಲೋ ಪ್ರಿಂಟರ್ ತರುತ್ತಾನೆ. ಪ್ರೀತಿ ದೊಡ್ಡದು, ಆದರೆ ಕೆಲವು ಕಂಪನಿಗಳ ಯಂತ್ರಗಳು ಬೇರೆ ಪ್ರದೇಶದ ಕಾರ್ಟ್ರಿಜ್ ಹಾಕಿದರೆ ಒಪ್ಪುವುದಿಲ್ಲ. ಸೂಟ್‌ಕೇಸಿನಲ್ಲಿ ಜಾಗವಿದ್ದರೆ ಖರ್ಜೂರ ತರಲಿ. ಪ್ರಿಂಟರನ್ನು ಶಾಯಿ ಸಿಗುವ ಊರಲ್ಲೇ ಕೊಳ್ಳಬೇಕು.

ಹಾಗಾದರೆ ಯಾವುದು? ವಾರಕ್ಕೊಮ್ಮೆಯಾದರೂ ಮುದ್ರಿಸುವ ಮನೆ, ಮಕ್ಕಳ ಶಾಲೆಯ ಪ್ರಾಜೆಕ್ಟ್ ಕೂಡ ಇದೆ ಎಂದಾದರೆ ಇಂಕ್ ಟ್ಯಾಂಕ್. ಚರ್ಮದ ಬಣ್ಣ ಸಹಜವಾಗಿ ಬರಬೇಕೆಂದರೆ ಎಪ್ಸನ್ ಎಲ್8050, ಕ್ಯಾನನ್ ಜಿ570ರಂಥ ಆರು ಬಣ್ಣದವು ಇವೆ. ಬೆಲೆ ಹೆಚ್ಚು, ನಾಲ್ಕು ಬಣ್ಣದ್ದೂ ಆಲ್ಬಮ್ಮಿಗೆ ಸಾಕು. ಬಳಸದೆ ಬಿಟ್ಟರೆ ಹೆಡ್ ಒಣಗಿ ಕಟ್ಟಿಕೊಳ್ಳುತ್ತದೆ, ತೊಳೆಯಲು ಮತ್ತೆ ಶಾಯಿಯೇ ಖರ್ಚು. ಯಂತ್ರದ ಗುಂಡಿ ಒತ್ತಿ ಆರಿಸಿ. ಗೋಡೆಯ ಸ್ವಿಚ್ ಹೊಡೆದರೆ ಹೆಡ್ ತನ್ನ ಮುಚ್ಚಳಕ್ಕೆ ಮರಳದೆ ನಿಲ್ಲಬಹುದು.

ಪೆರ್ನಾಲ್‌ಗೆ, ಮದುವೆಗೆ, ಮಗುವಿನ ಹುಟ್ಟಿಗೆ ಮಾತ್ರ ಮುದ್ರಿಸುವವರಿಗೆ ಕ್ಯಾನನ್ ಸೆಲ್ಫಿಯಂಥ ಡೈ-ಸಬ್ಲಿಮೇಶನ್ ಪ್ರಿಂಟರ್ ಮೇಲು. ಅದರಲ್ಲಿ ದ್ರವ ಶಾಯಿಯೇ ಇಲ್ಲ, ಒಣಗುವ ಭಯವೂ ಇಲ್ಲ. 108 ಹಾಳೆಯ ಪ್ಯಾಕಿನೊಳಗೇ ರಿಬ್ಬನ್ ಬರುತ್ತದೆ. ಪ್ಯಾಕಿನ ಬೆಲೆಯನ್ನು 108ರಿಂದ ಭಾಗಿಸಿದರೆ ಒಂದು ಫೋಟೋದ ಖರ್ಚು ಕೈಗೆ ಸಿಕ್ಕಿತು. ಪೋಸ್ಟ್‌ಕಾರ್ಡಿಗಿಂತ ದೊಡ್ಡದು ಬರುವುದಿಲ್ಲ, ಅಷ್ಟೇ. ಲೇಸರ್ ಪ್ರಿಂಟರ್ ಅಕ್ಷರಕ್ಕೆ ಸರಿ, ಫೋಟೋಕ್ಕೆ ಬೇಡ. ಇಂಕ್‌ಜೆಟ್ಟಿನ ಹೊಳಪು ಕಾಗದವನ್ನಂತೂ ಅದಕ್ಕೆ ಹಾಕಲೇಬೇಡಿ, ಬಿಸಿಗೆ ಕರಗಿ ಅಂಟುತ್ತದೆ.

ಕೊಳ್ಳಲೇಬೇಕೆಂದೂ ಇಲ್ಲ. ವರ್ಷಕ್ಕೆ ಇಪ್ಪತ್ತು ಫೋಟೋ ಸಾಕೆಂದರೆ ಪೇಟೆಗೆ ಹೋದ ದಿನ ಸ್ಟುಡಿಯೋದಲ್ಲಿ ಮಾಡಿಸಿಕೊಂಡು ಬನ್ನಿ. ಅದೇ ಅಗ್ಗ.

‘ಎಲ್ಲ ಮೊಬೈಲಿನಲ್ಲೇ ಇದೆಯಲ್ಲ’ ಎನ್ನುವವರಿಗೆ ಒಂದು ಪ್ರಶ್ನೆ. ಆ ಮೊಬೈಲ್ ನೀರಿಗೆ ಬಿದ್ದರೆ? ಪಾಸ್‌ವರ್ಡ್ ತಿಳಿಯದ ಉಮ್ಮನಿಗೆ ಮಧ್ಯಾಹ್ನ ಮೊಮ್ಮಗಳ ಮುಖ ನೋಡಬೇಕೆನಿಸಿದರೆ? ಮಗ ಕತಾರಿನಲ್ಲಿ, ಮಗಳು ಬೆಂಗಳೂರಿನಲ್ಲಿ ಇರುವ ನಮ್ಮ ಮನೆಗಳಲ್ಲಿ ಆಲ್ಬಮ್ ಅಲಂಕಾರದ ವಸ್ತುವಲ್ಲ. ಉಮ್ಮ ಯಾರನ್ನೂ ಕಾಯದೆ ತೆರೆಯಬಹುದಾದ್ದು ಅದೊಂದೇ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಚಿತ್ರ ಕುಗ್ಗಿ ಬರುತ್ತದೆ. ಮುದ್ರಿಸುವ ಚಿತ್ರವನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಮಕ್ಕಳಿಗೆ ಹೇಳಿ. 4×6 ಇಂಚಿಗೆ 1200×1800 ಪಿಕ್ಸೆಲ್ ಇದ್ದರೆ ಚೆನ್ನಾಗಿ ಬರುತ್ತದೆ.

ಮುಂದಿನ ಸಲ ಅಂಗಡಿಗೆ ಹೋದಾಗ ಯಂತ್ರದ ಬೆಲೆ ಕೊನೆಯಲ್ಲಿ ಕೇಳಿ. ಮೊದಲು ಕೇಳಬೇಕಾದ್ದು ಮೂರು: ಶಾಯಿಯ ಬೆಲೆ ಎಷ್ಟು, ಕಾಗದದ ಬೆಲೆ ಎಷ್ಟು, ಎರಡೂ ನಮ್ಮೂರಿನ ಹತ್ತಿರ ಎಲ್ಲಿ ಸಿಗುತ್ತದೆ. ಉತ್ತರ ಕೊಡಲು ತಡವರಿಸುವ ಅಂಗಡಿಯಿಂದ ಬರಿಗೈಯಲ್ಲಿ ಎದ್ದು ಬರುವುದೂ ವ್ಯಾಪಾರವೇ.