ಡಾಕ್ಟರ್ ಇಪ್ಪತ್ತು ನಿಮಿಷ, ಉಳಿದ ಹೊತ್ತು ಯಾರು?

ನಮ್ಮ ಮನೆಯಲ್ಲಿ ದಾದಿ ಎಂದರೆ ಅಪ್ಪನ ತಾಯಿ. ಕನ್ನಡ ಪುಸ್ತಕದಲ್ಲಿ ದಾದಿ ಎಂದರೆ ನರ್ಸ್. ಐದನೇ ತರಗತಿಯಲ್ಲಿ ಟೀಚರ್ ಈ ಪದ ಬೋರ್ಡಿನ ಮೇಲೆ ಬರೆದಾಗ, "ನಮ್ಮ ಮನೆಯಲ್ಲೂ ಒಬ್ಬರು ದಾದಿ ಇದ್ದಾರೆ ಮಿಸ್" ಎಂದು ನಾನು ಕೈ ಎತ್ತಿದ್ದೆ. "ಯಾವ ಆಸ್ಪತ್ರೆಯಲ್ಲಿದ್ದಾರೆ?" ಎಂದು ಅವರು ಕೇಳಿದರು. ಈ ವರ್ಷ ಆ ಪ್ರಶ್ನೆ ನಿಜವಾಯಿತು. ಬೇಸಿಗೆ ರಜೆಯಲ್ಲಿ ದಾದಿ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರದ ಮೂಳೆ ಮುರಿದುಕೊಂಡರು. ಎಂಟು ದಿನ ದಾವಣಗೆರೆಯ ಒಂದು ನರ್ಸಿಂಗ್ ಹೋಮಿನಲ್ಲಿದ್ದರು. ಆ ಎಂಟು ರಾತ್ರಿಗಳಲ್ಲಿ ಆರು ರಾತ್ರಿ ಅವರ ಮಂಚದ ಪಕ್ಕ ಚಾಪೆ ಹಾಸಿಕೊಂಡು ಮಲಗಿದವಳು ನಾನು. ಆ ನರ್ಸಿಂಗ್ ಹೋಮಿನ ಹೆಸರು ಬರೆಯುವುದಿಲ್ಲ. ಬರೆಯಬೇಕಾಗಿರುವುದು ಅದೊಂದರ ವಿಷಯವೂ ಅಲ್ಲ.

ವಿದೇಶಗಳಲ್ಲಿ ನರ್ಸಿಂಗ್ ಹೋಮ್ ಎಂದರೆ ವಯಸ್ಸಾದವರು ಆರೈಕೆಗಾಗಿ ಇರುವ ಮನೆಯಂತೆ. ನಮ್ಮಲ್ಲಿ ಹಾಗಲ್ಲ. ಹತ್ತು, ಇಪ್ಪತ್ತು, ಮೂವತ್ತು ಹಾಸಿಗೆಗಳ ಸಣ್ಣ ಖಾಸಗಿ ಆಸ್ಪತ್ರೆಗೆ ನಾವು ನರ್ಸಿಂಗ್ ಹೋಮ್ ಎನ್ನುತ್ತೇವೆ. ಎರಡು ಮೆಡಿಕಲ್ ಕಾಲೇಜುಗಳಿರುವ ನಮ್ಮ ಊರಿನಲ್ಲಿ ಇಂಥವಕ್ಕೆ ಬರವಿಲ್ಲ. ನಾನು ಹುಟ್ಟಿದ್ದೂ ಒಂದು ನರ್ಸಿಂಗ್ ಹೋಮಿನಲ್ಲೇ. ಆದ್ದರಿಂದ ಇವು ಬೇಡ ಎಂದು ನಾನು ಹೇಳುತ್ತಿಲ್ಲ. ಇವನ್ನು ನಾವು ಆರಿಸಿಕೊಳ್ಳುವ ರೀತಿ ತಪ್ಪು ಎನ್ನುತ್ತಿದ್ದೇನೆ.

ನಾವು ಆರಿಸಿದ್ದು ಹೀಗೆ. ಚಾಚಾ ಹೇಳಿದರು, ಆ ಡಾಕ್ಟರ ಕೈಯಲ್ಲಿ ಶಿಫಾ ಇದೆ. ಎದುರು ಮನೆಯ ಆಂಟಿಯೂ ಅದೇ ಮಾತನ್ನು ಕನ್ನಡದಲ್ಲಿ ಹೇಳಿದರು, ಅವರ ಕೈಗುಣ ಚೆನ್ನಾಗಿದೆ. ಎರಡು ಭಾಷೆಯಲ್ಲಿ ಒಂದೇ ಸರ್ಟಿಫಿಕೇಟ್ ಸಿಕ್ಕ ಮೇಲೆ ಅಬ್ಬಾ ಇನ್ನೇನು ಕೇಳುತ್ತಾರೆ? ಆಟೊ ತಂದರು. ಡಾಕ್ಟರ್ ಒಳ್ಳೆಯವರೇ. ಆಪರೇಷನ್ ಚೆನ್ನಾಗಿಯೇ ಆಯಿತು, ದಾದಿ ಈಗ ವಾಕರ್ ಹಿಡಿದು ಅಡುಗೆಮನೆಯವರೆಗೆ ಬಂದು ಅಮ್ಮಿಯ ಸಾರಿಗೆ ಉಪ್ಪು ಕಡಿಮೆ ಎಂದು ಹೇಳಿ ಹೋಗುತ್ತಾರೆ. ಆದರೆ ಆ ಡಾಕ್ಟರ್ ಇನ್ನೂ ಎರಡು ಕಡೆ ಆಪರೇಷನ್ ಮಾಡುತ್ತಾರೆ. ನಮ್ಮ ಕೋಣೆಗೆ ದಿನಕ್ಕೊಮ್ಮೆ ಬರುತ್ತಿದ್ದರು. ಜಾಸ್ತಿ ಎಂದರೆ ಇಪ್ಪತ್ತು ನಿಮಿಷ.

ಕಾಮರ್ಸ್‌ನವಳಾದ್ದರಿಂದ ಲೆಕ್ಕ ಹಾಕಿದೆ. ಎಂಟು ದಿನಕ್ಕೆ 192 ಗಂಟೆ. ಡಾಕ್ಟರ ಇಪ್ಪತ್ತು ನಿಮಿಷವನ್ನು ಎಂಟರಿಂದ ಗುಣಿಸಿದರೆ 160 ನಿಮಿಷ, ಆಪರೇಷನ್ನಿನ ಎರಡು ಗಂಟೆ ಸೇರಿಸಿದರೂ ಐದು ಗಂಟೆ ದಾಟುವುದಿಲ್ಲ. ಉಳಿದ 187 ಗಂಟೆ ದಾದಿ ಯಾರ ಕೈಯಲ್ಲಿದ್ದರು? ನಾವು ಐದು ಗಂಟೆಗಳನ್ನು ನೋಡಿ 192 ಗಂಟೆಗಳನ್ನು ಕೊಂಡುಕೊಂಡಿದ್ದೆವು.

ಮೂರನೇ ರಾತ್ರಿ ಇದು ನನಗೆ ಅರ್ಥವಾಯಿತು. ಆ ಮಹಡಿಯಲ್ಲಿ ಹನ್ನೊಂದು ರೋಗಿಗಳಿದ್ದರು. ಅವರಿಗೆಲ್ಲ ಸೇರಿ ಒಬ್ಬಳೇ ಸಿಸ್ಟರ್. ನನಗಿಂತ ಮೂರ್ನಾಲ್ಕು ವರ್ಷ ದೊಡ್ಡವಳಿರಬಹುದು. ಮೂಳೆ ಆಪರೇಷನ್ ಆದವರಿಗೆ ರಕ್ತ ಹೆಪ್ಪುಗಟ್ಟದ ಹಾಗೆ ಹೊಟ್ಟೆಗೆ ಒಂದು ಇಂಜೆಕ್ಷನ್ ಕೊಡುತ್ತಾರೆ. ದಾದಿಗೆ ಅದು ದಿನಕ್ಕೆ ಒಂದು. ಆ ದಿನ ಸಂಜೆ ಡ್ಯೂಟಿಯವರು ಏಳೂವರೆಗೇ ಕೊಟ್ಟು ಹೋಗಿದ್ದರು, ನಾನೇ ನೋಡಿದ್ದೆ. ಹತ್ತೂಕಾಲಿಗೆ ಈ ಸಿಸ್ಟರ್ ಅದೇ ಇಂಜೆಕ್ಷನ್ ಟ್ರೇಯಲ್ಲಿ ಇಟ್ಟುಕೊಂಡು ಬಂದಳು. "ಆಗಲೇ ಕೊಟ್ಟಿದ್ದಾರಲ್ಲ" ಎಂದೆ. "ಶೀಟಿನಲ್ಲಿ ಬರೆದಿಲ್ಲ" ಎಂದಳು. ದಾದಿಯೂ ನಿದ್ದೆಗಣ್ಣಿನಲ್ಲಿ, "ಸೂಯಿ ಲಗಾ ದಿಯೆ, ಬೇಟಾ" ಎಂದರು. ಸಿಸ್ಟರ್ ಒಂದು ನಿಮಿಷ ನಿಂತಳು. ಕಸದ ಡಬ್ಬಿ ನೋಡಿದಳು, ಫೋನ್ ಮಾಡಿ ಕೇಳಿದಳು, ಆಮೇಲೆ ಟ್ರೇ ವಾಪಸ್ ತೆಗೆದುಕೊಂಡು ಹೋದಳು. ಆ ಔಷಧಿ ಹೆಚ್ಚಾದರೆ ರಕ್ತಸ್ರಾವ ಆಗಬಹುದು ಎಂದು ಮರುದಿನ ಡಾಕ್ಟರೇ ಹೇಳಿದರು.

ಅಕೌಂಟೆನ್ಸಿಯಲ್ಲಿ ನಮಗೆ ಮೊದಲು ಕಲಿಸುವುದು, ವ್ಯವಹಾರ ನಡೆದ ಕೂಡಲೇ ಎಂಟ್ರಿ ಆಗಬೇಕು, ಮರೆತರೆ ಅದೇ ಬಿಲ್ಲಿಗೆ ಎರಡು ಸಲ ಹಣ ಕೊಡುತ್ತೀರಿ ಎಂದು. ಅಂಗಡಿಯಲ್ಲಾದರೆ ಹಣ ಹೋಗುತ್ತದೆ. ಇಲ್ಲಿ ನಾನು ಅಂದು ಮನೆಗೆ ಹೋಗಿ ಮಲಗಿದ್ದರೆ ಏನಾಗುತ್ತಿತ್ತೋ.

ಆ ರಾತ್ರಿ ಹನ್ನೆರಡರ ಮೇಲೆ ಸಿಸ್ಟರ್ ಬಂದು ನನ್ನ ಚಾಪೆಯ ಮೇಲೆ ಕುಳಿತಳು. ಎಲ್ಲಿ ನರ್ಸಿಂಗ್ ಓದಿದಿರಿ ಎಂದು ಕೇಳಿದೆ. ಓದಿಲ್ಲ, ಪಿಯುಸಿ ಆದ ಮೇಲೆ ಸೇರಿ ಇಲ್ಲೇ ಕಲಿತೆ ಎಂದಳು. ಮಾತಿಗೆ ಮಾತು ಬಂದು ಯಾವ ಕಾಲೇಜು ಎಂದರೆ ನಮ್ಮದೇ! ನಾವು ಕೂರುವ ಬೆಂಚಿನಲ್ಲೇ ಕೂತವಳು. "ಇಂಜೆಕ್ಷನ್ ವಿಷಯ ಡಾಕ್ಟರಿಗೆ ಹೇಳಬೇಡ, ನನ್ನ ಕೆಲಸ ಹೋಗುತ್ತದೆ" ಎಂದಳು. ತಪ್ಪು ಅವಳದ್ದಲ್ಲ, ಬರೆಯದೆ ಹೋದವರದ್ದು. ನಾನು ಹೇಳಿದೆ, ಅವಳ ಹೆಸರು ಎತ್ತದೆ. ಸರಿ ಮಾಡಿದೆನೋ ಇಲ್ಲವೋ ಈಗಲೂ ಗೊತ್ತಿಲ್ಲ, ಏಕೆಂದರೆ ಡಾಕ್ಟರ್ ಬೈದದ್ದು ಅವಳಿಗೇ.

ನಮ್ಮಲ್ಲಿ ಬಿಳಿ ಕೋಟು ಹಾಕಿದ ಹುಡುಗಿಯರನ್ನೆಲ್ಲ ಸಿಸ್ಟರ್ ಎನ್ನುತ್ತೇವೆ. ನಿಜವಾದ ನರ್ಸ್ ಆಗಲು ಜಿಎನ್‌ಎಂ ಕೋರ್ಸಿಗೆ ಮೂರು ವರ್ಷ, ಬಿಎಸ್ಸಿ ನರ್ಸಿಂಗ್‌ಗೆ ನಾಲ್ಕು ವರ್ಷ ಬೇಕು, ಆಮೇಲೆ ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಬೇಕು. ಇವಳಿಗೆ ಅದ್ಯಾವುದೂ ಇರಲಿಲ್ಲ. ಇದ್ದದ್ದು ಹನ್ನೊಂದು ರೋಗಿಗಳು ಮತ್ತು ಒಂದು ಬೆಲ್. ಮಲಗಿದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನ ಕೆಳಗೆ ಹುಣ್ಣಾಗುತ್ತದೆ. ಒಬ್ಬಳೇ ಹನ್ನೊಂದು ಜನರಿಗೆ ಅದನ್ನು ಹೇಗೆ ಮಾಡುತ್ತಾಳೆ? ಐದನೇ ದಿನ ದಾದಿಯ ಬೆನ್ನ ಕೆಳಗೆ ರೂಪಾಯಿಯಗಲ ಕೆಂಪಾಗಿತ್ತು. ಆಮೇಲೆ ಅಮ್ಮಿಯೂ ನಾನೂ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು, ಹೇಗೆ ತಿರುಗಿಸಬೇಕೆಂದು ಕೇಳಿ ತಿಳಿದು, ನಾವೇ ಮಾಡಿದೆವು. ಬಿಲ್ಲಿನಲ್ಲಿ ನರ್ಸಿಂಗ್ ಚಾರ್ಜ್ ಎಂಟು ದಿನದ್ದೂ ಇತ್ತು.

ನಮ್ಮ ಬಿಸಿನೆಸ್ ಸ್ಟಡೀಸ್ ಪುಸ್ತಕದಲ್ಲಿ ಗ್ರಾಹಕರ ಹಕ್ಕುಗಳ ಪಾಠ ಇದೆ. ಮೊದಲ ಹಕ್ಕೇ ಸುರಕ್ಷತೆಯ ಹಕ್ಕು, ಎರಡನೆಯದು ಮಾಹಿತಿಯ ಹಕ್ಕು. ಇಸ್ತ್ರಿ ಪೆಟ್ಟಿಗೆ ಕೊಳ್ಳುವಾಗ ಐಎಸ್‌ಐ ಗುರುತು ನೋಡಿ, ಚಿನ್ನ ಕೊಳ್ಳುವಾಗ ಹಾಲ್‌ಮಾರ್ಕ್ ನೋಡಿ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಳ್ಳುತ್ತೇವೆ. ಹಣ ಕೊಟ್ಟು ಚಿಕಿತ್ಸೆ ಪಡೆಯುವ ರೋಗಿಯೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆದರೆ ದಾದಿಯನ್ನು ಸೇರಿಸುವಾಗ ಯಾವ ಗುರುತು ನೋಡಬೇಕೆಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ, ನನಗೂ.

ಗುರುತು ಇದೆ. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಎಂದು ಒಂದಿದೆ. ಕೆಪಿಎಂಇ ಎಂದು ಕರೆಯುತ್ತಾರೆ. ಪ್ರತಿ ನರ್ಸಿಂಗ್ ಹೋಮ್ ಅದರಡಿ ನೋಂದಣಿ ಮಾಡಿಸಿ, ಆ ಪ್ರಮಾಣಪತ್ರವನ್ನೂ ದರಪಟ್ಟಿಯನ್ನೂ ಜನರಿಗೆ ಕಾಣುವ ಜಾಗದಲ್ಲಿ ಹಾಕಬೇಕು. ನಮ್ಮ ನರ್ಸಿಂಗ್ ಹೋಮಿನಲ್ಲಿ ಅದು ಇತ್ತು, ಔಷಧಿ ಅಂಗಡಿಯ ಕ್ಯಾಲೆಂಡರಿನ ಹಿಂದೆ. ಎದುರಿಗೆ ಕಾಣುತ್ತಿದ್ದದ್ದು ಭ್ರೂಣಲಿಂಗ ಪತ್ತೆ ಅಪರಾಧ ಎಂಬ ಬೋರ್ಡು, ಒಂದು ಗಡಿಯಾರ ಮತ್ತು ನಗುವ ಮಗುವಿನ ಪಟ. ಕ್ಯಾಲೆಂಡರ್ ಸರಿಸಿ ತಾರೀಖು ನೋಡಿದೆ. ಅವಧಿ ಇನ್ನೂ ಇತ್ತು, ಅಷ್ಟು ಸಮಾಧಾನ.

ತಾರೀಖು ನೋಡುವುದು ಸಣ್ಣ ವಿಷಯ ಎನಿಸಬಹುದು. 2024ರ ಮೇ 25ರ ರಾತ್ರಿ ದೆಹಲಿಯ ವಿವೇಕ ವಿಹಾರದಲ್ಲಿ ನವಜಾತ ಶಿಶುಗಳ ಒಂದು ಖಾಸಗಿ ಆಸ್ಪತ್ರೆಗೆ ಬೆಂಕಿ ಬಿದ್ದು ಆರಕ್ಕಿಂತ ಕಡಿಮೆಯಲ್ಲದಷ್ಟು ಹಸುಳೆಗಳು ಸತ್ತವು. ಅದರ ಲೈಸೆನ್ಸ್ ಮಾರ್ಚ್ 31ಕ್ಕೇ ಮುಗಿದಿತ್ತು ಎಂದು ಪೊಲೀಸರು ಆಮೇಲೆ ಹೇಳಿದರು. ಐದು ಹಾಸಿಗೆಗೆ ಮಾತ್ರ ಅನುಮತಿ, ಒಳಗಿದ್ದ ಮಕ್ಕಳು ಹನ್ನೆರಡು. ಆ ತಂದೆತಾಯಿಯರೂ ಯಾರೋ ಹೇಳಿದ್ದನ್ನು ನಂಬಿಯೇ ಬಂದಿರಬೇಕು. ದೊಡ್ಡ ಆಸ್ಪತ್ರೆಗೆ ಹೋದರೆ ಈ ಭಯವಿಲ್ಲ ಎನ್ನುವವರಿಗೆ, 2011ರ ಡಿಸೆಂಬರ್ 9ರಂದು ಕೋಲ್ಕತ್ತದ ಢಾಕುರಿಯಾದಲ್ಲಿ ಹೆಸರುವಾಸಿಯಾದ ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹೊತ್ತಿದ ಬೆಂಕಿಯ ಹೊಗೆ ಮೇಲಿನ ಮಹಡಿಗಳಿಗೆ ಹಬ್ಬಿ ಸುಮಾರು 90 ಜನ ಸತ್ತರು. ಹೆಚ್ಚಿನವರು ಉಸಿರುಗಟ್ಟಿ. ಅದೂ ನಸುಕಿನಲ್ಲಿ. ಬೆಂಕಿ ಡಾಕ್ಟರ್ ರೌಂಡ್ಸಿಗೆ ಬರುವ ಹೊತ್ತು ನೋಡಿಕೊಂಡು ಬರುವುದಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ನರ್ಸಿಂಗ್ ಹೋಮ್ ಹೇಗಿದೆ ಎಂದು ತಿಳಿಯಬೇಕಾದರೆ ರಾತ್ರಿ ಹೋಗಿ ನೋಡಬೇಕು. ಹಗಲಿನಲ್ಲಿ ಎಲ್ಲವೂ ಚೆನ್ನಾಗಿರುತ್ತದೆ, ರಿಸೆಪ್ಷನ್ನಿನಲ್ಲಿ ಫಿನಾಯಿಲ್ ವಾಸನೆಯೂ ಬರುತ್ತದೆ. ರಾತ್ರಿ ಹತ್ತರ ಮೇಲೆ ಎಷ್ಟು ಸಿಸ್ಟರ್‌ಗಳಿದ್ದಾರೆ, ಅವರಲ್ಲಿ ಓದಿದವರೆಷ್ಟು, ರಾತ್ರಿ ಕಟ್ಟಡದೊಳಗೇ ಇರುವ ಡಾಕ್ಟರ್ ಯಾರು ಅಥವಾ ಫೋನ್ ಮಾಡಿದರೆ ಎಷ್ಟು ಹೊತ್ತಿನಲ್ಲಿ ಬರುತ್ತಾರೆ, ಇದನ್ನು ಸೇರಿಸುವ ಮೊದಲೇ ಕೇಳಬೇಕು. ಕೊಟ್ಟ ಔಷಧಿಯನ್ನು ಆಗಲೇ ಬರೆಯುತ್ತಾರೋ ಅಥವಾ ಬೆಳಿಗ್ಗೆ ಒಟ್ಟಿಗೆ ತುಂಬುತ್ತಾರೋ ನೋಡಬೇಕು. ಒಬ್ಬ ರೋಗಿಯಿಂದ ಇನ್ನೊಬ್ಬರ ಹತ್ತಿರ ಹೋಗುವಾಗ ಕೈ ತೊಳೆಯುತ್ತಾರೋ ಎಂದು ಹತ್ತು ನಿಮಿಷ ಸುಮ್ಮನೆ ಕೂತು ನೋಡಿದರೆ ತಿಳಿಯುತ್ತದೆ. ಕಸದ ಡಬ್ಬಿಗಳೂ ಮಾತಾಡುತ್ತವೆ. 2016ರ ನಿಯಮದ ಪ್ರಕಾರ ರಕ್ತ ಹತ್ತಿದ ಹತ್ತಿ, ಬ್ಯಾಂಡೇಜು ಹಳದಿಗೆ, ಡ್ರಿಪ್ಪಿನ ಪ್ಲಾಸ್ಟಿಕ್ ನಳಿಕೆ ಕೆಂಪಿಗೆ, ಸೂಜಿ ಬಿಳಿಯ ಗಟ್ಟಿ ಡಬ್ಬಿಗೆ, ಗಾಜು ನೀಲಿಗೆ. ಹಳದಿ ಚೀಲದಲ್ಲಿ ಬಾಳೆಹಣ್ಣಿನ ಸಿಪ್ಪೆ, ಕಿಟಕಿಯ ಮೇಲೆ ಸೂಜಿ ಕಂಡರೆ ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ. ಎನ್‌ಎಬಿಎಚ್ ಎಂಬ ಗುಣಮಟ್ಟದ ಮಾನ್ಯತೆಯೂ ಇದೆ, ಐವತ್ತು ಹಾಸಿಗೆಯವರೆಗಿನ ಸಣ್ಣ ಆಸ್ಪತ್ರೆಗಳಿಗೆ ಅದರಲ್ಲಿ ಬೇರೆ ಮಾನದಂಡವೇ ಇದೆ. ಆದರೆ ಅದು ಕಡ್ಡಾಯವಲ್ಲ. ಇದ್ದರೆ ಒಳ್ಳೆಯದು, ಇದ್ದರೂ ರಾತ್ರಿ ಒಮ್ಮೆ ಹೋಗಿ ಬನ್ನಿ.

ಇಷ್ಟೆಲ್ಲ ಕೇಳಿದರೆ ಡಾಕ್ಟರಿಗೆ ಸಿಟ್ಟು ಬರುತ್ತದೆ ಎಂದು ಅಬ್ಬಾ ಹೆದರುತ್ತಾರೆ. ಜೀವ ಅವರ ಕೈಯಲ್ಲಿದೆ, ಸುಮ್ಮನಿರು ಎನ್ನುತ್ತಾರೆ. ನಮ್ಮ ಜನ ಸುಮ್ಮನಿರುತ್ತಾರೆ, ಸುಮ್ಮನಿರುತ್ತಾರೆ, ಕೊನೆಗೆ ರೋಗಿ ಸತ್ತ ದಿನ ಆಸ್ಪತ್ರೆಯ ಗಾಜು ಒಡೆಯುತ್ತಾರೆ. ಅದಕ್ಕೆ ಜೈಲು ಎಂದು 2009ರಿಂದ ಕಾನೂನೇ ಇದೆ, ಇರಬೇಕಾದದ್ದೇ. ಮೊದಲ ದಿನ ಮೆಲ್ಲಗೆ ಕೇಳಿದ ಪ್ರಶ್ನೆಗೂ ಕೊನೆಯ ದಿನ ಎಸೆದ ಕಲ್ಲಿಗೂ ಯಾವುದು ಮರ್ಯಾದೆ ಎಂದು ಹಿರಿಯರೇ ಹೇಳಲಿ. ಉತ್ತರ ಸಿಗದಿದ್ದರೆ ದೂರು ಕೊಡಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ ಪ್ರತಿ ಜಿಲ್ಲೆಯಲ್ಲೂ ಇದೆ. ಅಷ್ಟು ಕಡಿಮೆ ಸಂಬಳಕ್ಕೆ ಓದಿದ ನರ್ಸ್ ಎಲ್ಲಿ ಸಿಗುತ್ತಾರೆ ಎಂದು ಮಾಲೀಕರು ಕೇಳಬಹುದು. ಆ ಪ್ರಶ್ನೆಯಲ್ಲೇ ಉತ್ತರವಿದೆ.

ಇನ್ನೊಂದು ಮಾತು, ನಮ್ಮ ಕಾಲೇಜಿನವರಿಗೆ ಮಾತ್ರ. ಆಪರೇಷನ್ನಿನ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು. "ನನಗೆ ತಿಳಿಯುವ ಭಾಷೆಯಲ್ಲಿ ಎಲ್ಲವನ್ನೂ ವಿವರಿಸಲಾಗಿದೆ" ಎಂಬ ವಾಕ್ಯವೂ ಇಂಗ್ಲಿಷಿನಲ್ಲೇ ಇತ್ತು. ಅದರ ಕೆಳಗೆ ಅಬ್ಬಾ ಉರ್ದುವಿನಲ್ಲಿ ಸಹಿ ಹಾಕಿದರು. ಗೋಡೆಯ ದರಪಟ್ಟಿ ಕನ್ನಡದಲ್ಲಿತ್ತು, ಅಮ್ಮಿಗೆ ಓದಲು ಬರುವುದಿಲ್ಲ. ಆ ಕೋಣೆಯಲ್ಲಿ ಮೂರನ್ನೂ ಓದಬಲ್ಲವಳು ನಾನೊಬ್ಬಳೇ. ನನಗೆ ಇನ್ನೂ ಹದಿನೇಳು, ಸಹಿಗೆ ಬೆಲೆಯಿಲ್ಲ. ಆದರೆ ಓದಿ ಹೇಳಲು ವಯಸ್ಸಿನ ಮಿತಿ ಇಲ್ಲ. ಸ್ಕಾಲರ್‌ಶಿಪ್ ಅರ್ಜಿ, ರೇಷನ್ ಕಾರ್ಡ್ ತುಂಬಿಕೊಡಲು ಮೊಹಲ್ಲಾದವರು ನಮ್ಮನ್ನು ಕರೆಯುತ್ತಾರಲ್ಲ, ಆಸ್ಪತ್ರೆಗೂ ನಾವೇ ಮೊದಲು ಹೋಗಿ ಓದಿ ಬರಬಹುದು.

ಕಳೆದ ತಿಂಗಳು ಪಕ್ಕದ ಮನೆಯ ಬಾಜಿಯ ಹೆರಿಗೆಗೆ ಯಾವ ನರ್ಸಿಂಗ್ ಹೋಮ್ ಎಂದು ಮಾತು ಬಂತು. ರಾತ್ರಿ ಹತ್ತೂವರೆಗೆ ಅಣ್ಣನ ಬೈಕಿನಲ್ಲಿ ಹೋಗಿ ನೋಡಿ ಬಂದೆವು. ಸಿಸ್ಟರ್‌ಗಳು ಇಬ್ಬರು, ಒಬ್ಬರು ಜಿಎನ್‌ಎಂ ಓದಿದವರು. ಪ್ರಮಾಣಪತ್ರ ಬಾಗಿಲ ಎದುರಿಗೇ ಇತ್ತು. ಹಿಂದಿನ ಮೆಟ್ಟಿಲ ಬಾಗಿಲಿಗೆ ಮಾತ್ರ ಬೀಗ. ಕಳ್ಳರ ಕಾಟ ಎಂದರು ವಾಚ್‌ಮನ್. ಬೆಂಕಿ ಬಿದ್ದರೆ ತೆಗೆಯುತ್ತೀರಾ ಎಂದೆ. ಯಾಕಿಲ್ಲ ಎಂದು ಬೀಗದ ಕೈ ಹುಡುಕಲು ಹೊರಟರು. ಅಣ್ಣ ಮೊಬೈಲಿನಲ್ಲಿ ಸಮಯ ನೋಡುತ್ತಾ ನಿಂತ. ಅವರು ಬಂದು ಬಾಗಿಲು ತೆಗೆಯುವಾಗ ಆರು ನಿಮಿಷ ಆಗಿತ್ತು. ಅಲ್ಲಿದ್ದ ಸಿಸ್ಟರ್ ಅದನ್ನು ನೋಡಿದರು, ಏನೂ ಹೇಳಲಿಲ್ಲ. ಎರಡು ವಾರದ ನಂತರ ಬಾಜಿ ಅಲ್ಲಿಗೇ ಸೇರಿದರು. ನಾನು ಟಿಫಿನ್ ಕ್ಯಾರಿಯರ್ ಹಿಡಿದು ಹೋದಾಗ ಆ ಬಾಗಿಲಿಗೆ ಬೀಗದ ಬದಲು ಒಳಗಿನಿಂದ ಒಂದು ಚಿಲಕ ಹಾಕಿದ್ದರು.