ಸುಂಕದ ಲೆಕ್ಕದಲ್ಲಿ ಕಾಣದ ಕೈಗಳು

ಚೆನ್ನೈನ ಟಿ. ನಗರದಲ್ಲಿ ಮಾರಾಟವಾಗುವ ಕಾಂಚೀಪುರಂ ಸೀರೆಗೆ ಊರಿನ ಹೆಸರು ತಮಿಳುನಾಡಿನದು, ನೂಲು ಹೆಚ್ಚಾಗಿ ಕರ್ನಾಟಕದ್ದು. ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗಳಲ್ಲಿ ಹರಾಜಾದ ಗೂಡನ್ನು ಸುತ್ತಲಿನ ರೀಲರ್‌ಗಳು ನೂಲಾಗಿಸುತ್ತಾರೆ. ಆ ನೂಲೇ ಇಲ್ಲಿನ ಮಗ್ಗಗಳಿಗೆ ಬರುತ್ತದೆ. ಹಾಗಾಗಿ ಚೀನಾದ ರೇಷ್ಮೆ ಅಗ್ಗವಾಗಿ ಬಂದಿಳಿದಾಗಲೆಲ್ಲ ಎರಡೂ ರಾಜ್ಯಗಳಲ್ಲಿ ಸದ್ದಾಗುತ್ತದೆ. ಆದರೆ ಎರಡು ಕಡೆಯ ಬೇಡಿಕೆ ಒಂದೇ ಅಲ್ಲ. ರೈತರು, ರೀಲರ್‌ಗಳು ಸುಂಕ ಏರಿಸಿ ಎನ್ನುತ್ತಾರೆ. ಕಚ್ಚಾ ರೇಷ್ಮೆ ದುಬಾರಿಯಾದರೆ ನೇಯುವುದು ಹೇಗೆ ಎಂದು ನೇಕಾರರು ಕೇಳುತ್ತಾರೆ.

ಕೇಂದ್ರ ಸರ್ಕಾರ ಈ ಜಗ್ಗಾಟದ ನಡುವೆ ತಕ್ಕಡಿ ತೂಗುತ್ತಲೇ ಬಂದಿದೆ. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿಯಿತು. ಗೂಡಿನ ಧಾರಣೆ ಕುಸಿದು ರೈತರು ಬೀದಿಗಿಳಿದರು. 2013ರಲ್ಲಿ ಅದನ್ನು ಶೇ 15ಕ್ಕೆ ಏರಿಸಲಾಯಿತು. ಮುಂದೆ ಶೇ 10ಕ್ಕೆ ಇಳಿದು, 2021ರಲ್ಲಿ ಮತ್ತೆ ಶೇ 15 ಆಯಿತು. ಈ ಕಥೆ ಹೊಸದೂ ಅಲ್ಲ. ವಿದೇಶಿ ರೇಷ್ಮೆಯ ಹೊಡೆತಕ್ಕೆ ಮೈಸೂರು ಸೀಮೆ ತತ್ತರಿಸಿದಾಗ 1934ರಲ್ಲೇ ಬ್ರಿಟಿಷ್ ಸರ್ಕಾರ ರಕ್ಷಣಾ ಸುಂಕ ವಿಧಿಸಿತ್ತು.

ಸುಂಕ ಬೇಕೇ ಬೇಡವೇ ಎಂಬ ವಾದದಲ್ಲಿ ಒಂದು ಪ್ರಶ್ನೆ ಸದಾ ತಪ್ಪಿಹೋಗುತ್ತದೆ. ಧಾರಣೆ ಕುಸಿದು ಘಟಕ ಮುಚ್ಚಿದಾಗ ಅಲ್ಲಿ ದುಡಿಯುತ್ತಿದ್ದವರಿಗೆ ಏನು ಸಿಗುತ್ತದೆ? ಒಂದು ಕೆ.ಜಿ. ನೂಲಿಗೆ ಆರೇಳು ಕೆ.ಜಿ. ಗೂಡು ಬೇಕು. ಅದನ್ನು ಬೇಯಿಸಿ, ಬಿಸಿನೀರಿನಲ್ಲಿ ಕೈಯಾಡಿಸಿ, ಎಳೆ ಹುಡುಕುವವರಲ್ಲಿ ಹೆಚ್ಚಿನವರು ದಿನಗೂಲಿಯ ಹೆಣ್ಣುಮಕ್ಕಳು. ರೈತನಿಗೆ ಹಿಪ್ಪುನೇರಳೆ ನಾಟಿಗೆ, ಹುಳು ಸಾಕಣೆ ಮನೆಗೆ ಸಹಾಯಧನವಿದೆ. ರೀಲರ್‌ಗೆ ಸ್ವಯಂಚಾಲಿತ ಯಂತ್ರಕ್ಕೆ ಸಹಾಯಧನವಿದೆ. ಕೈಮಗ್ಗ ನೇಕಾರರಿಗೆ ಕರ್ನಾಟಕದ ನೇಕಾರ ಸಮ್ಮಾನ್, ತಮಿಳುನಾಡಿನ ಉಚಿತ ವಿದ್ಯುತ್ ಇವೆ. ಇವೆಲ್ಲ ಬೇಕಾದವೇ. ಆದರೆ ಇವು ಜಮೀನು, ಯಂತ್ರ, ಮಗ್ಗ ಇದ್ದವರನ್ನು ಹುಡುಕಿಕೊಂಡು ಹೋಗುತ್ತವೆ. ಬೇಸಿನ್ ಮುಂದೆ ಕೂರುವ ಆಳಿನ ಹೆಸರಿನಲ್ಲಿ ಇವು ಮೂರೂ ಇಲ್ಲ. ಸ್ವಯಂಚಾಲಿತ ಯಂತ್ರ ಬಂದರೆ ನೂಲಿನ ಗುಣಮಟ್ಟ ಏರುತ್ತದೆ, ಆದರೆ ಕಡಿಮೆ ಕೈಗಳು ಸಾಕಾಗುತ್ತವೆ. ಅಂದರೆ ಆಮದಿನಿಂದಲೂ ಆಕೆಗೆ ಪೆಟ್ಟು, ಆಮದನ್ನು ಎದುರಿಸಲು ಕೊಟ್ಟ ನೆರವಿನಿಂದಲೂ ಪೆಟ್ಟು.

ಕೆಲಸ ಕಳೆದುಕೊಂಡ ಜವಳಿ ಕಾರ್ಮಿಕರಿಗೆ ನೇರ ನೆರವು ಕೊಟ್ಟ ಅನುಭವ ನಮ್ಮ ದೇಶಕ್ಕೆ ಇಲ್ಲದಿಲ್ಲ. 1986ರಲ್ಲಿ ಆರಂಭವಾದ ಜವಳಿ ಕಾರ್ಮಿಕರ ಪುನರ್ವಸತಿ ನಿಧಿ ಯೋಜನೆಯಲ್ಲಿ, ಮುಚ್ಚಿದ ಗಿರಣಿಯ ಅರ್ಹ ಕಾರ್ಮಿಕರಿಗೆ ಮೊದಲ ವರ್ಷ ವೇತನದ ಶೇ 75, ಎರಡನೇ ವರ್ಷ ಶೇ 50, ಮೂರನೇ ವರ್ಷ ಶೇ 25ರಷ್ಟು ಸಿಗುತ್ತಿತ್ತು. 2017ರಲ್ಲಿ ಅದನ್ನು ಇಎಸ್‌ಐ ಅಡಿಯ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯಲ್ಲಿ ವಿಲೀನಗೊಳಿಸಲಾಯಿತು. ಇಎಸ್‌ಐ ವಿಮೆ ಇದ್ದವರಿಗಷ್ಟೇ ಅದರ ಬಾಗಿಲು ತೆರೆಯುತ್ತದೆ. ಹತ್ತಕ್ಕಿಂತ ಕಡಿಮೆ ಆಳುಗಳಿರುವ ಬಿಚ್ಚಾಣಿಕೆ ಘಟಕ ಸಾಮಾನ್ಯವಾಗಿ ಇದರ ಹೊರಗೇ ಉಳಿಯುತ್ತದೆ. ಹಳೆಯ ಯೋಜನೆ ದೊಡ್ಡ ಗಿರಣಿಗಳ ಕಾಲದ್ದು. ಇಂದಿನ ಪೆಟ್ಟು ಬೀಳುವುದು ಸಣ್ಣ ಶೆಡ್‌ಗಳ ಮೇಲೆ.

ಅಮೆರಿಕದಲ್ಲಿ 1962ರಿಂದ ಇದಕ್ಕೆಂದೇ ಒಂದು ಕಾರ್ಯಕ್ರಮವಿತ್ತು. ಆಮದಿನಿಂದ ಕೆಲಸ ಹೋಯಿತೆಂದು ಸಾಬೀತಾದರೆ ಕಾರ್ಮಿಕರಿಗೆ ತರಬೇತಿ, ತರಬೇತಿಯ ಅವಧಿಗೆ ಭತ್ಯೆ, ಬೇರೆ ಊರಿಗೆ ಹೋಗಲು ಹಣ ಸಿಗುತ್ತಿತ್ತು. ಕಾನೂನಿನ ಅವಧಿ ನವೀಕರಣವಾಗದೆ 2022ರ ಜುಲೈನಿಂದ ಹೊಸಬರಿಗೆ ಅದು ನಿಂತಿದೆ. ಅಲ್ಲಿಂದ ಕಲಿಯಬೇಕಾದ ಪಾಠ ಎರಡು. ಕೆಲಸ ಹೋಗಲು ಆಮದೇ ಕಾರಣವೆಂದು ಸಾಬೀತುಪಡಿಸುವ ಹೊರೆಯನ್ನು ಕಾರ್ಮಿಕರ ಮೇಲೆ ಹೇರಬಾರದು. ನೆರವು ಆಳುವವರ ಮರ್ಜಿಗೆ ಬಿಟ್ಟ ವರಮಾನವಾಗಬಾರದು.

ನಮ್ಮಲ್ಲಿ ಇದನ್ನು ಮಾಡುವುದು ಸಾಫ್ಟ್‌ವೇರ್ ದೃಷ್ಟಿಯಿಂದ ಕಷ್ಟವೇನಲ್ಲ. ಕರ್ನಾಟಕದಲ್ಲಿ ರೀಲರ್‌ಗೆ ರೇಷ್ಮೆ ಇಲಾಖೆಯ ಪರವಾನಗಿ ಇರುತ್ತದೆ. ಇ–ಹರಾಜಿನಲ್ಲಿ ಯಾರು ಎಷ್ಟು ಗೂಡು ಕೊಂಡರು ಎಂಬುದು ದಾಖಲಾಗುತ್ತದೆ. 2021ರಲ್ಲಿ ಶುರುವಾದ ಇ–ಶ್ರಮ್‌ನಲ್ಲಿ ಅಸಂಘಟಿತ ಕಾರ್ಮಿಕರಿಗೆ ಗುರುತಿನ ಸಂಖ್ಯೆ ಸಿಗುತ್ತದೆ. ಪರವಾನಗಿ ನವೀಕರಣದ ವೇಳೆ ಘಟಕದ ಆಳುಗಳ ಇ–ಶ್ರಮ್ ಸಂಖ್ಯೆಯನ್ನೂ ನಮೂದಿಸಿಕೊಂಡರೆ ಕೊಂಡಿ ಬೆಸೆದಂತೆ. ಒಂದು ಘಟಕದ ಗೂಡು ಖರೀದಿ ತಿಂಗಳುಗಟ್ಟಲೆ ನಿಂತುಹೋದರೆ ಆ ದಾಖಲೆಯೇ ಅರ್ಜಿಯಾಗಬೇಕು. ಆಳುಗಳ ಖಾತೆಗೆ ಕೆಲವು ತಿಂಗಳ ಭತ್ಯೆ ತಾನಾಗಿ ಸೇರಬೇಕು. ಆಳುಗಳ ಹೆಸರು ಮುಚ್ಚಿಡುವ ಮಾಲೀಕರೂ ಇರುತ್ತಾರೆ. ಯಂತ್ರದ ಸಹಾಯಧನಕ್ಕೆ ಈ ನೋಂದಣಿಯನ್ನು ಷರತ್ತಾಗಿಸಿದರೆ ಅದಕ್ಕೂ ಮದ್ದಿದೆ.

ಹಣ ಎಲ್ಲಿಂದ ಎಂದು ಕೇಳಬಹುದು. ಆಮದಾದ ರೇಷ್ಮೆಯ ಮೇಲೆ ಸುಂಕವಂತೂ ಬರುತ್ತಿದೆ. ಅದರಲ್ಲೊಂದು ಪಾಲನ್ನು ಈ ನಿಧಿಗೆ ಮೀಸಲಿಟ್ಟರೆ, ಆಮದು ಏರಿದಷ್ಟೂ ಪೆಟ್ಟು ತಿಂದವರ ನಿಧಿಯೂ ಬೆಳೆಯುತ್ತದೆ. ಸುಂಕದ ದರ ಮುಂದೆಯೂ ಏರುತ್ತದೆ, ಇಳಿಯುತ್ತದೆ. ನೇಕಾರರ ಮಾತೂ ಸುಳ್ಳಲ್ಲವಾದ್ದರಿಂದ ಅದು ಒಂದೇ ಕಡೆ ನಿಲ್ಲಲಾರದು. ಆ ಏರಿಳಿತದ ಬೆಲೆಯನ್ನು ದಿನಗೂಲಿಯ ಹೆಂಗಸೊಬ್ಬಳೇ ತೆರಬೇಕಾದ ಸ್ಥಿತಿಯನ್ನಾದರೂ ಎರಡೂ ರಾಜ್ಯಗಳ ಸಂಸದರು ಕೂಡಿ ತಪ್ಪಿಸಬಹುದು.