ಹೆಸರಿಲ್ಲದ 'ಮಹಿಳೆಯರೂ'

'ಏಸೂರು ಕೊಟ್ಟರೂ ಈಸೂರು ಕೊಡೆವು' ಎಂದು ಪ್ರತಿ ಆಗಸ್ಟ್ 15ರಂದು ಮಕ್ಕಳಿಂದ ಕೂಗಿಸುತ್ತೇವೆ. 1943ರ ಮಾರ್ಚಿನಲ್ಲಿ ಗಲ್ಲಿಗೇರಿದ ಐವರ ಹೆಸರನ್ನು ಅವರು ಒಂದೇ ಉಸಿರಿಗೆ ಒಪ್ಪಿಸುತ್ತಾರೆ, ಒಪ್ಪಿಸಲೇಬೇಕು. ಆದರೆ 1942ರ ಅದೇ ಹೋರಾಟಕ್ಕಾಗಿ ಜೀವಾವಧಿ ಶಿಕ್ಷೆಗೆ ಗುರಿಯಾದ ಹಾಲಮ್ಮ, ಪಾರ್ವತಮ್ಮ, ಸಿದ್ದಮ್ಮ ಯಾರೆಂದು ಕೇಳಿದರೆ ತರಗತಿಯೇ ಮೌನ. ತಪ್ಪು ಮಕ್ಕಳದಲ್ಲ. 'ಮಹಿಳೆಯರೂ ಭಾಗವಹಿಸಿದ್ದರು' ಎಂಬ ಒಂದು ಸಾಲಿನಲ್ಲಿ ಅವರನ್ನು ಮುಗಿಸಿದ ಉಪಾಧ್ಯಾಯಿನಿ ನಾನೇ.

ಈ ಚಾಳಿ ಇನ್ನೂ ಹೋಗಿಲ್ಲ. ಖೋ ಖೋ ಗೆದ್ದು ಬಂದ ಹುಡುಗಿಯರ ಕೈಗೆ ಸಮಾರಂಭದ ದಿನ ಆರತಿ ತಟ್ಟೆ ಕೊಟ್ಟು ಬಾಗಿಲಲ್ಲಿ ನಿಲ್ಲಿಸುತ್ತೇವೆ. ಹಾರವೆಲ್ಲ ವೇದಿಕೆಯ ಮೇಲಿನವರಿಗೆ. ಜೈಲಿಗೆ ಹೋಗಲು ಹೆಣ್ಣು ಬೇಕು, ಹೆಸರು ಹೇಳುವಾಗ ಬೇಡವೇ? ಆ 'ಮಹಿಳೆಯರೂ' ಎಂಬುದನ್ನು ಅಳಿಸಿ ಹೆಸರು ಬರೆಯೋಣ. ಮೊದಲು ನನ್ನ ಕರಿಹಲಗೆಯ ಮೇಲೆ ನಾನೇ ಬರೆಯುತ್ತೇನೆ.